ಸೋಫಿಯಾದಲ್ಲಿ ಮೂರು ದಿನದ ಅರ್ಥಶಾಸ್ತ್ರ

ಯಾವುದೇ ಊರಿನಲ್ಲಿ ಮೂರು ದಿನ ಇದ್ದರೆ ಆ ಊರಿನ ಆರ್ಥಿಕ ಸ್ಥಿತಿ ನನಗೆ ಪೂರ್ತಿ ತಿಳಿದುಬಿಡುತ್ತದೆ ಎಂಬ ನಂಬಿಕೆ ನನ್ನಲ್ಲಿ ಬಹಳ ವರ್ಷಗಳಿಂದ ಇತ್ತು. ತರಕಾರಿ ಅಂಗಡಿ, ಕ್ಷೌರದ ಅಂಗಡಿ, ಬಸ್ ನಿಲ್ದಾಣ, ಇಷ್ಟು ನೋಡಿದರೆ ಸಾಕು ಎಂದು ಹಾಲೆಂಡಿನಲ್ಲಿ ನಾವಿರುವ ವೂರ್‌ಬರ್ಗ್ ಊರಿನ ನಮ್ಮ ಕನ್ನಡ ಬಳಗದ ಊಟಗಳಲ್ಲಿ ಹೇಳುತ್ತ ಬಂದಿದ್ದೆ. ಯಾರೂ ವಿರೋಧಿಸುತ್ತಿರಲಿಲ್ಲ. ಬಾಯಲ್ಲಿ ಹೋಳಿಗೆ ಇರುವಾಗ ವಿರೋಧಿಸುವುದು ಕಷ್ಟ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಹೀಗಿರುವಾಗ ನಮ್ಮ ಕಚೇರಿಯ ಮ್ಯಾನೇಜರ್ ಯರೂನ್ ಒಂದು ದಿನ ಕರೆದು, ತಂಡದ ಅರ್ಧ ಕೆಲಸ ಬಲ್ಗೇರಿಯಾದ ರಾಜಧಾನಿ ಸೋಫಿಯಾಕ್ಕೆ ಹೋಗುತ್ತಿದೆ, ನೀನೂ ಹೋಗುವೆಯಾ, ಎರಡು ವಾರದಲ್ಲಿ ಹೇಳು ಎಂದ. ಮನೆಗೆ ಬಂದು ಹೆಂಡತಿ ಶೋಭಾಳಿಗೆ ಹೇಳಿದೆ. ಅವಳು ಬಾಗಲಕೋಟೆಯವಳು.

"ಕಮ್ಯುನಿಸ್ಟರು ಆಳಿದ ಊರಂತಲ್ರೀ ಅದು. ಬ್ರೆಡ್ಡಿಗೂ ಪಾಳಿ ಹಚ್ಚಬೇಕಂತ ನಮ್ಮಪ್ಪ ಹೇಳ್ತಿದ್ರು."

"ಅದು ಹೋಗಿ ಮೂವತ್ತು ವರ್ಷದ ಮ್ಯಾಲಾತು."

"ಹಂಗಂದ್ರ ನೋಡಿಕೊಂಡೇ ಬರೂಣು. ನಿಮ್ಮ ಮಾತಿನ ಮ್ಯಾಲೆ ಮನಿ ಬಿಡಾಕ ಆಗೂದಿಲ್ಲ."

ಹೊಸ ನೋಟ್‌ಬುಕ್ಕೊಂದನ್ನು ಕೊಂಡೆ, ಇಬ್ಬರೂ ಮೂರು ದಿನಕ್ಕೆಂದು ಹೊರಟೆವು. ವಿಮಾನ ನಿಲ್ದಾಣದಿಂದ ಊರಿಗೆ ಕರೆತಂದ ಮೆಟ್ರೊ ಎಷ್ಟು ಥಳಥಳ ಎನ್ನುತ್ತಿತ್ತೆಂದರೆ, 'ಶ್ರೀಮಂತ ಊರು' ಎಂದು ಬರೆದೆ. ಮೆಟ್ಟಿಲು ಹತ್ತಿ ಮೇಲೆ ಬಂದರೆ ಗಿಲಾವು ಉದುರಿದ ಎಂಟಂತಸ್ತಿನ ಕಟ್ಟಡ. ಬರೆದದ್ದನ್ನು ಹೊಡೆದುಹಾಕಿ 'ಬಡ ಊರು' ಎಂದೆ. ಅದೇ ಕಟ್ಟಡದ ಮುಂದೆ ಯರೂನನ ಮ್ಯಾನೇಜರೂ ಕೊಳ್ಳಲಾರದಂಥ ಕಾರು ನಿಂತಿತ್ತು. ಕಾರಿಗೆ ಒರಗಿ ಮುದುಕನೊಬ್ಬ ಕೈಯಲ್ಲಿ ಹೆಣೆದ ಎರಡು ಜೊತೆ ಕಾಲುಚೀಲ, ಮೂರು ಕಟ್ಟು ಸಬ್ಬಸಿಗೆ ಸೊಪ್ಪು ಇಟ್ಟುಕೊಂಡು ಮಾರುತ್ತಿದ್ದ. ಕಾರು ಅವನದೇ ಇರಬಹುದೇ ಎಂಬ ಅನುಮಾನ ಈಗಲೂ ಹೋಗಿಲ್ಲ. ಸಂಜೆಯ ಹೊತ್ತಿಗೆ ನೋಟ್‌ಬುಕ್ಕಿನಲ್ಲಿ ಹೊಡೆದುಹಾಕದೆ ಉಳಿದಿದ್ದ ವಾಕ್ಯ ಒಂದೇ: 'ಹವೆ ತಂಪಾಗಿದೆ.'

ನಾವು ಉಳಿದದ್ದು ರಾದ್ಕಾ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯ ಕೋಣೆಯಲ್ಲಿ. ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಅವರದೊಂದು ಪುಟ್ಟ ಅಂಗಡಿ. ಅದರ ಕಿಟಕಿ ಸರಿಯಾಗಿ ಕಾಲುದಾರಿಯ ಮಟ್ಟಕ್ಕಿತ್ತು. ಕಮ್ಯುನಿಸ್ಟ್ ಸರಕಾರ ಬಿದ್ದ ಮೇಲೆ ಅಂಗಡಿ ಹಾಕಬೇಕೆಂದವರಿಗೆ ಜಾಗ ಸಿಗಲಿಲ್ಲ, ಹಾಗಾಗಿ ಜನ ತಮ್ಮ ನೆಲಮಾಳಿಗೆಗಳಿಗೇ ಕಿಟಕಿ ಇಟ್ಟರಂತೆ. ಗಿರಾಕಿ ರಸ್ತೆಯಲ್ಲಿ ಮಂಡಿಯೂರಿ ಕೊಳ್ಳಬೇಕು. ನನ್ನ ಹೊಟ್ಟೆಗೂ ಮಂಡಿಗೂ ಬಹಳ ದಿನದಿಂದ ಸರಿಯಿಲ್ಲ. ಹೇಗೋ ಕುಸಿದು ಕೂತು, "ನೀರಿನ ಬಾಟಲಿ ಇದೆಯೇ?" ಎಂದೆ. ರಾದ್ಕಾ ತಲೆಯನ್ನು ಅಡ್ಡಡ್ಡ ಆಡಿಸಿದರು. ಇಲ್ಲವೆಂದುಕೊಂಡು ಗೋಡೆ ಹಿಡಿದು ಏಳತೊಡಗಿದೆ.

"ಎಲ್ಲಿಗೆ ಹೊಂಟ್ರಿ? ಬಾಟ್ಲಿ ಕೊಡಾಕತ್ತಾರ," ಎಂದಳು ಶೋಭಾ. ಅಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು ಎಂದಂತೆ. ಮತ್ತೆ ಮಂಡಿಯೂರಿದೆ.

ರಾದ್ಕಾ ಹಿಂದೆ ಸರಕಾರಿ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಜೋಡಿಸುವ ಎಂಜಿನಿಯರ್ ಆಗಿದ್ದರು. ಯಂತ್ರಗಳ ಕೈಪಿಡಿ ಓದಿಯೇ ಇಂಗ್ಲಿಷ್ ಕಲಿತವರು. ಮರುದಿನ ಅವರ ಅಡುಗೆಮನೆಯಲ್ಲಿ ಕೂತು, "ಆಗ ಚೆನ್ನಾಗಿತ್ತೋ ಈಗ ಚೆನ್ನಾಗಿದೆಯೋ?" ಎಂದು ಕೇಳಿಯೇಬಿಟ್ಟೆ.

"ಆಗ ಬಾಳೆಹಣ್ಣು ಹೊಸ ವರ್ಷಕ್ಕೆ ಮಾತ್ರ ಬರುತ್ತಿತ್ತು," ಎಂದರು. "ಸಾಲಿನಲ್ಲಿ ನಿಂತು ತಂದು ನಾಲ್ಕು ಜನ ಹಂಚಿಕೊಂಡು ತಿನ್ನುತ್ತಿದ್ದೆವು. ಈಗ ದಿನವೂ ಸಿಗುತ್ತದೆ. ವೈದ್ಯರು ತಿನ್ನಬೇಡ ಎಂದಿದ್ದಾರೆ."

"ಹಾಗಾದರೆ ಯಾವುದು ಒಳ್ಳೆಯದು?"

"ಆಗ ನನಗೆ ಸಕ್ಕರೆ ಕಾಯಿಲೆ ಇರಲಿಲ್ಲ."

ಇದನ್ನು ನೋಟ್‌ಬುಕ್ಕಿನಲ್ಲಿ ಯಾವ ತಲೆಬರಹದ ಕೆಳಗೆ ಬರೆಯಬೇಕೆಂದು ತಿಳಿಯಲಿಲ್ಲ. ರಾದ್ಕಾ ಟೊಮೇಟೊ ಹೆಚ್ಚುತ್ತಿದ್ದರು. ಬಲ್ಗೇರಿಯಾದ ಟೊಮೇಟೊ ಬಹಳ ರುಚಿ ಎಂದು ಕೇಳಿದ್ದೇನೆ ಎಂದು ಹೊಗಳಿದೆ. "ಇದು ನಿಮ್ಮ ಹಾಲೆಂಡಿನದು," ಎಂದರು. "ನನ್ನ ಮಗನೇ ಬೆಳೆದಿದ್ದಿರಬಹುದು." ಮಗ ಸ್ತೊಯಾನ್ ನಮ್ಮ ವೂರ್‌ಬರ್ಗಿನಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದ ಗಾಜಿನ ಮನೆಯ ತೋಟವೊಂದರಲ್ಲಿ ಟೊಮೇಟೊ ಕೀಳುತ್ತಿದ್ದ. ಕಲಿತದ್ದು ಎಲೆಕ್ಟ್ರಿಷಿಯನ್ ಕೆಲಸ. ಟೊಮೇಟೊ ಬೆಳೆಯುವ ನಾಡಿನವನು ಹಾಲೆಂಡಿಗೆ ಟೊಮೇಟೊ ಕೀಳಲು ಹೋಗಿದ್ದಾನೆ, ಆ ಟೊಮೇಟೊ ಅವನ ತಾಯಿಯ ಮನೆಗೆ ಬಂದಿದೆ, ಧಾರವಾಡದ ನಾನು ಹಾಲೆಂಡಿನಿಂದ ಇಲ್ಲಿಗೆ ಕೆಲಸ ನೋಡಲು ಬಂದು ಅದನ್ನು ತಿನ್ನುತ್ತಿದ್ದೇನೆ. ಇದರಲ್ಲಿ ಯಾರಿಗೆ ಲಾಭವಾಯಿತು ಎಂದು ಆ ದಿನವೆಲ್ಲ ಯೋಚಿಸಿದೆ. ತಲೆ ನೋಯಿತು.

ಹೊರಡುವಾಗ ರಾದ್ಕಾ ಮಗನಿಗೆ ಕೊಡಲು ಕೆಂಪು ಮೆಣಸಿನ ಗೊಜ್ಜಿನ ಒಂದು ಬಾಟಲಿ ಕೊಟ್ಟರು. ಮುಂದಿನ ಭಾನುವಾರ ಅದನ್ನು ತಲುಪಿಸಲು ಶೋಭಾಳ ಜೊತೆ ಹೋದೆ. ಸ್ತೊಯಾನ್ ನಲವತ್ತರ ಆಸುಪಾಸಿನ ಮೌನಿ. ಚಹಾ ಕೊಟ್ಟು, ಎದುರಿಗೆ ಕೂತು, ಮೆಲ್ಲಗೆ ಕೇಳಿದ: "ಅಮ್ಮ ಎಲ್ಲ ಚೆನ್ನಾಗಿದೆ ಅನ್ನುತ್ತಾಳೆ, ಗೆಳೆಯರು ಎಲ್ಲ ಕೆಟ್ಟಿದೆ ಅನ್ನುತ್ತಾರೆ. ನೀವು ಹೊರಗಿನವರು, ಕಣ್ಣಾರೆ ನೋಡಿದ್ದೀರಿ. ನಾನು ವಾಪಸು ಹೋಗಬಹುದೇ?"

ಗೊತ್ತಿಲ್ಲಪ್ಪ ಎನ್ನಬೇಕಿತ್ತು. ಆದರೆ ಇಷ್ಟು ಗಮನವಿಟ್ಟು ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಅದೂ ಊಟವಿಲ್ಲದೆ. ಮೆಟ್ರೊ, ಹೊಸ ಕಚೇರಿಗಳು, ದುಬಾರಿ ಕಾರು ಎಲ್ಲವನ್ನೂ ವರ್ಣಿಸಿ, "ನಿಸ್ಸಂಕೋಚವಾಗಿ ಹೋಗಿ. ನಾನೇ ಹೋಗುತ್ತಿದ್ದೇನೆ," ಎಂದುಬಿಟ್ಟೆ. ಅವನ ಕಣ್ಣು ತುಂಬಿತು.

ವಾಪಸು ಬರುವ ಬಸ್ಸಿನಲ್ಲಿ ಶೋಭಾ ಕೇಳಿದಳು, "ನಾವು ಖರೇನ ಹೊಂಟೀವೇನು?"

"ಆ ಊರನ್ನ ಇನ್ನೂ ಸ್ವಲ್ಪ ಅಭ್ಯಾಸ ಮಾಡಬೇಕು," ಎಂದೆ. ಮರುದಿನ ಯರೂನನಿಗೂ ಅದನ್ನೇ ಹೇಳಿದೆ. ಡಚ್ಚರಿಗೆ ಸುತ್ತು ಮಾತು ಅರ್ಥವಾಗುವುದಿಲ್ಲ. "ಅಂದರೆ ಬರುವುದಿಲ್ಲ ಎಂದಾಯಿತು," ಎಂದು ನನ್ನ ಹೆಸರನ್ನು ಪಟ್ಟಿಯಿಂದ ತೆಗೆದ. ನನಗೆ ನೆಮ್ಮದಿಯಾಯಿತೋ ಬೇಸರವಾಯಿತೋ ಇವತ್ತಿಗೂ ಸ್ಪಷ್ಟವಿಲ್ಲ.

ಸ್ತೊಯಾನ್ ಮಾತ್ರ ಹೋದ. ಎರಡು ವಾರದ ಹಿಂದೆ ಅವನ ಸಂದೇಶ ಬಂತು. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ ಸಿಕ್ಕಿದೆಯಂತೆ, ಮೊದಲ ತಿಂಗಳು ಕಷ್ಟವಾಯಿತಂತೆ, ಆಗೆಲ್ಲ ನನ್ನ ಧೈರ್ಯದ ಮಾತನ್ನು ನೆನೆದನಂತೆ. ಕೊನೆಯಲ್ಲಿ ಬರೆದಿದ್ದ: 'ನೀವು ಬಂದಿಳಿಯುವ ದಿನ ತಿಳಿಸಿ, ವಿಮಾನ ನಿಲ್ದಾಣಕ್ಕೆ ನಾನೇ ಬರುತ್ತೇನೆ.'

ಅಂದಿನಿಂದ ದಿನವೂ ಉತ್ತರ ಬರೆಯಲು ಕೂರುತ್ತಿದ್ದೇನೆ. 'ಪ್ರಿಯ ಸ್ತೊಯಾನ್' ಎಂಬಲ್ಲಿಯವರೆಗೆ ಬಂದಿದೆ.