ಮನೆ ಬಾಗಿಲಿಗೆ ಕುದುರೆ

ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಹೋದ ಅಕ್ಕೂರಿನ ಜಯಕುಮಾರ್, ಬಾಯಲ್ಲಿದ್ದ ನೊರೆ ಉಗುಳುವುದನ್ನೂ ಮರೆತು ನಿಂತುಬಿಟ್ಟ. ರಾತ್ರಿ ಕಟ್ಟಿದ್ದ ಹಗ್ಗ ಗೂಟದಲ್ಲಿತ್ತು. ಕುದುರೆ ಹಿಪ್ಪುನೇರಳೆ ತೋಟದಲ್ಲಿತ್ತು. ನಾಲ್ಕು ಸಾಲು ಗಿಡಗಳು ಒಂದೆಲೆಯೂ ಉಳಿಯದೆ, ಮುಡಿ ಕೊಟ್ಟು ಬಂದ ತಲೆಗಳ ಹಾಗೆ ಬೋಳಾಗಿ ನಿಂತಿದ್ದವು.

ಹುಳುಮನೆಯಲ್ಲಿ ರೇಷ್ಮೆಹುಳುಗಳು ಕೊನೆಯ ಸಲ ಪೊರೆ ಕಳಚಿ ನಾಲ್ಕನೇ ಜ್ವರ ಎದ್ದಿದ್ದವು. ಗೂಡು ಕಟ್ಟುವ ಮುಂಚಿನ ಈ ಒಂದು ವಾರದಲ್ಲಿ ಅವು ತಿನ್ನುವ ಸೊಪ್ಪು, ಹುಟ್ಟಿದಾಗಿನಿಂದ ತಿಂದದ್ದೆಲ್ಲ ಸೇರಿಸಿದರೂ ಅದಕ್ಕಿಂತ ಹೆಚ್ಚು. ಈಗ ಸೊಪ್ಪು ಸಾಲದಾದರೆ ಬೆಳೆಯೇ ಹೋದಂತೆ.

“ಸಂಜೆ ಒಳಗೆ ಈ ಕುದುರೆ ಹೋಗ್ಬೇಕು. ಇಲ್ಲಾಂದ್ರೆ ನಾನು ಹೋಯ್ತೀನಿ,” ಎಂದಳು ಹೆಂಡತಿ ರಮ್ಯಾ. “ಆಮೇಲೆ ಹುಳುವೂ ನೀವೇ ಸಾಕ್ಕಳಿ, ಕುದುರೇನೂ ನೀವೇ ಸಾಕ್ಕಳಿ.”

ಚನ್ನಪಟ್ಟಣದ ಫಕ್ರುದ್ದೀನ್ ಜಟಕಾ ಬಿಟ್ಟು ಆಟೋ ಕೊಂಡಾಗ, ಎರಡು ತಿಂಗಳ ಹಿಂದೆ, ಅವನ ಕುದುರೆ ಚಾಂದನಿಯನ್ನು ಜಯಕುಮಾರ್ ಕೊಂಡಿದ್ದ. ಮದುವೆ ಗಂಡುಗಳನ್ನು ಮೆರವಣಿಗೆ ಮಾಡಿಸಿ ಸಂಪಾದಿಸುವ ಲೆಕ್ಕಾಚಾರ. ಬಂದದ್ದು ಒಂದೇ ಒಂದು ಬುಕಿಂಗು. ಆ ಗಂಡೂ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಿ ಜೆಸಿಬಿ ಬಕೆಟ್‌ನಲ್ಲಿ ಕೂತು ಛತ್ರಕ್ಕೆ ಹೋದ.

ಅದೃಷ್ಟಕ್ಕೆ, ರಮ್ಯಾಳ ಬೈಗುಳ ಮುಗಿಯುವ ಮೊದಲೇ ಸೋಲೂರಿನ ದಲ್ಲಾಳಿ ಮನೋಹರ್‌ನ ಫೋನ್ ಬಂತು. ಜಯಕುಮಾರ್ ಅವನಿಗೆ ಹೋದ ವಾರವೇ ಕುದುರೆಯ ಫೋಟೊ ಕಳಿಸಿದ್ದ.

“ಪಾರ್ಟಿ ಸಿಕ್ಕೈತೆ. ಆದ್ರೆ ಹಲ್ಲು ನೋಡ್ದೆ ನಾನು ವ್ಯಾಪಾರ ಮುಗ್ಸಲ್ಲ. ಇವತ್ತೇ ಸೋಲೂರಿಗೆ ತಂದ್ಬುಡಿ. ಮನೆ ಬಾಗ್ಲಿಗೆ ತಲುಪ್ಸೋ ಖರ್ಚು ನಿಮ್ದೇ. ಯಾರ್ ಹತ್ರನೂ ಬಾಯ್ ಬುಡ್ಬೇಡಿ, ಕಣ್ಣಾಯ್ತದೆ. ಒಪ್ಪಿದ್ರೆ ಹೂಂ ಅನ್ನಿ.”

ಜಯಕುಮಾರ್ ಮೂರು ಸಲ ಹೂಂ ಅಂದ.

ಅಕ್ಕೂರಿನಿಂದ ಸೋಲೂರಿಗೆ ಎಪ್ಪತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಅವನ ಜೇಬಿನಲ್ಲಿದ್ದದ್ದು ಎರಡು ಸಾವಿರ ರೂಪಾಯಿ.

ಬೇಲಿಯಾಚೆಯಿಂದ ಪಕ್ಕದ ಮನೆಯ ದಾಸಪ್ಪನ ತಲೆ ಎದ್ದಿತು. ಈ ಮನೆಯಲ್ಲಿ ಲೋಟ ಬಿದ್ದರೂ ಆ ತಲೆ ಏಳುತ್ತಿತ್ತು.

“ಏನ್ಲಾ ಜಯ, ಮಾರ್ತಾ ಇದ್ದೀಯಂತೆ? ಪಕ್ಕೆ ಮೂಳೆ ಎಣುಸ್ಬೋದು, ಅಂತಾ ಕುದುರೆ. ಯಾವನ್ಲಾ ಅವ್ನು ತಕಳೋನು? ಕಣ್ಣಿಲ್ವಾ ಅವ್ನಿಗೆ?”

“ದೂರದೋರು ದಾಸಪ್ಪಣ್ಣ. ಸಾಗ್ಸೋಕೆ ಗಾಡಿ ನೋಡ್ತಾ ಇವ್ನಿ.”

“ಗಾಡಿ ಯಾಕ್ಲಾ? ಅದುಕ್ಕೇ ನಾಕ್ ಕಾಲಿಲ್ವಾ? ಹತ್ಕಂಡ್ ಹೋಗು.”

“ಹೋದ್ ಸಲ ಜಯ ಹತ್ತಿ ನಾಕ್ ದಿನ ಮಕಾಡೆ ಮಲ್ಗಿದ್ದ,” ಎಂದು ದಾಸಪ್ಪನ ಹೆಂಡತಿ ಅಂಬುಜಮ್ಮ ಒಳಗಿನಿಂದಲೇ ನೆನಪಿಸಿದಳು.

ಜಯಕುಮಾರ್ ಬೆಂಗಳೂರಿನ ಕುದುರೆ ಸಾಗಣೆಯವರಿಗೆ ಫೋನ್ ಮಾಡಿದ. ಆ ಕಡೆಯ ಹುಡುಗಿ, ಕುದುರೆಗೆ ಏಸಿ ಬೇಕೇ, ಜೊತೆಗೆ ಡಾಕ್ಟರ್ ಬೇಕೇ ಎಂದು ವಿಚಾರಿಸಿ, ಎರಡೂ ಇಲ್ಲದೆ ಹದಿನೆಂಟು ಸಾವಿರ ಎಂದಳು. ಜಿಎಸ್‌ಟಿ ಬೇರೆ. ಕುದುರೆ ಕೊಂಡದ್ದೇ ಇಪ್ಪತ್ತೆರಡಕ್ಕೆ.

ಆಮೇಲೆ ಚನ್ನಪಟ್ಟಣದ ಒಂದು ಪಾರ್ಸೆಲ್ ಆಫೀಸಿಗೆ ಮಾಡಿದ. ಫೋನ್ ಎತ್ತಿದವಳು ಭಾನುಪ್ರಿಯ.

“ಕುದುರೇನಾ? ಸೋಲೂರಿಗಾ? ನೂರೈವತ್ತು ಆಗುತ್ತೆ ಸರ್.”

ಜಯಕುಮಾರ್ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿ ಮತ್ತೆ ಇಟ್ಟುಕೊಂಡ. “ನೂರೈವತ್ತೇ? ಅದ್ರದ್ದು ಹುಲ್ಲು ನೀರೂ ಸೇರಿ?”

“ಸುತ್ತ ಹುಲ್ಲು ತುಂಬ್ತೀವಿ ಸರ್. ಬಣ್ಣ ಕಿತ್ತೋದ್ರೆ ಮಾತ್ರ ನಮ್ ಜವಾಬ್ದಾರಿ ಅಲ್ಲ. ಎಷ್ಟು ಪೀಸು?”

“ಒಂದೇ.”

“ತೂಕ?”

“ಮುನ್ನೂರು ಕೇಜಿ ಇರ್ಬೋದು.”

“ಯಾವ್ ಮರದಲ್ಲಿ ಮಾಡಿರೋದು ಸರ್?”

ಚನ್ನಪಟ್ಟಣದಲ್ಲಿ ಕುದುರೆ ಎಂದರೆ ಬಣ್ಣ ಹಚ್ಚಿದ ಬೊಂಬೆ ಎಂಬುದು ಅವನಿಗೆ ಆಗ ಹೊಳೆಯಿತು. “ಜೀವ ಇರೋದು ಕಣಮ್ಮ!” ಎಂದ. ಭಾನುಪ್ರಿಯ ಫೋನಿಟ್ಟಳು.

ಹನ್ನೊಂದು ಗಂಟೆಗೆ ಫಕ್ರುದ್ದೀನನೇ ದಾರಿ ತೋರಿಸಿದ. ಸೋಲೂರಿನ ಇಸ್ರಾರ್ ಬೊಂಬೆಯ ಮರ ಇಳಿಸಲು ಚನ್ನಪಟ್ಟಣಕ್ಕೆ ಪಿಕಪ್ ತಂದಿದ್ದಾನೆ, ವಾಪಸು ಖಾಲಿ ಹೋಗುತ್ತಾನೆ. ಖಾಲಿ ಹೋಗುವವನಿಗೆ ಡೀಸೆಲ್ ಕಾಸು ಸಿಕ್ಕರೆ ಅದೇ ಲಾಭ. ಸಾವಿರದ ಐನೂರಕ್ಕೆ ಕುದುರಿತು.

ಇಸ್ರಾರ್ ಗಾಡಿ ತಂದು ಒರಗಿಸಿದ ಹಲಗೆಯ ಮೇಲೆ ಕುದುರೆ ಹತ್ತಲೊಲ್ಲದು. ದಾಸಪ್ಪ ಮುಂದಿನಿಂದ ಎಳೆಯಲು ಹೇಳಿದ. ಅಂಬುಜಮ್ಮ ಹಿಂದಿನಿಂದ ತಳ್ಳಲು ಹೇಳಿದಳು. ಹಾಗೇ ತಳ್ಳಿದ ಜಯಕುಮಾರನನ್ನು ಚಾಂದನಿ ಒಂದೇ ಒದೆತಕ್ಕೆ ತಿಪ್ಪೆಗುಂಡಿಗೆ ಕಳಿಸಿತು. ಕೊನೆಗೆ ಇಸ್ರಾರ್ ಗಾಡಿಯನ್ನು ಹೊಲದ ಎತ್ತರದ ಬದುವಿಗೆ ಒತ್ತಿ ನಿಲ್ಲಿಸಿದ. ಕುದುರೆ ಬಸ್ಸು ಹತ್ತುವ ಹೈಸ್ಕೂಲು ಮೇಷ್ಟರ ಗತ್ತಿನಲ್ಲಿ ತಾನೇ ಒಳಗೆ ನಡೆಯಿತು.

“ಪೀಡೆ ತೊಲಗ್ತು!” ಎಂದು ದಾಸಪ್ಪ ಕೈಮುಗಿದ.

ಕೆಂಗಲ್ ಆಂಜನೇಯನ ಗುಡಿಯ ಮುಂದೆ ವಾಹನಗಳು ಸಾಲುಗಟ್ಟಿ ಪಿಕಪ್ ನಿಂತುಬಿಟ್ಟಿತು. ಪಕ್ಕದಲ್ಲೇ ಆಗತಾನೆ ಪೂಜೆ ಮುಗಿಸಿದ ಹೊಸ ಕಾರು, ಅದರ ಬಾನೆಟ್ಟಿನ ಮೇಲೆ ಮಾರುದ್ದದ ಸೇವಂತಿಗೆ ಹಾರ. ಚಾಂದನಿ ಕತ್ತು ಚಾಚಿತು. ಕಾರಿನವನು ತೀರ್ಥ ತೆಗೆದುಕೊಂಡು ತಿರುಗುವಷ್ಟರಲ್ಲಿ ಹಾರದಲ್ಲಿ ಉಳಿದದ್ದು ದಾರ ಮಾತ್ರ. ಬಾನೆಟ್ಟಿನ ಮೇಲೆ ಜೊಲ್ಲು.

“ಏನ್ರೀ ಇದು! ಇನ್ನೂ ನಂಬರ್ ಪ್ಲೇಟೇ ಬಂದಿಲ್ಲ!”

“ಆಂಜನೇಯನ ಪ್ರಸಾದ ಅಂತ ತಿಂತು ಸಾರ್, ಒಳ್ಳೇದಾಯ್ತದೆ,” ಎಂದ ಇಸ್ರಾರ್. ಕಾರಿನವನು ಒಪ್ಪಲಿಲ್ಲ. ಜಯಕುಮಾರನ ಬಳಿ ಉಳಿದಿದ್ದ ಐನೂರೂ ಅಲ್ಲೇ ಹೋಯಿತು.

ರಾಮನಗರ, ಮಾಗಡಿ ದಾಟಿ ಸೋಲೂರು ಮುಟ್ಟಿದಾಗ ಮೂರೂವರೆ. ಮನೋಹರ್ ಕುದುರೆಯ ತುಟಿ ಎತ್ತಿ ಹಲ್ಲು ನೋಡಿದ, ಗೊರಸು ತಟ್ಟಿದ. “ಏಳು ವರ್ಷ. ಒಳ್ಳೆ ಮಾಲು. ಮೂವತ್ತೈದು ಖಾತ್ರಿ.”

ಜಯಕುಮಾರನ ಎದೆ ಹಗುರಾಯಿತು. ಹಗ್ಗ ಬಿಚ್ಚಲು ಕೈ ಹಾಕಿದ.

“ಯಾಕೆ ಇಳುಸ್ತೀರಿ?” ಎಂದ ಮನೋಹರ್. “ಪಾರ್ಟಿ ಮನೆ ಬಾಗ್ಲಲ್ಲಿ ಇಳ್ಸಿ. ದುಡ್ಡೂ ಅಲ್ಲೇ.”

“ಮನೆ ಬಾಗ್ಲು ಅಂದ್ರೆ ನಿಮ್ದಲ್ವಾ?”

“ನಾನು ದಲ್ಲಾಳಿ ಕಣಣ್ಣ. ನನ್ ಬಾಗ್ಲಲ್ಲಿ ಕುದುರೆ ಕಟ್ಕಂಡು ನಾನೇನ್ ಮಾಡ್ಲಿ? ಹೂಂ ಅಂದ್ರಲ್ಲ, ಅದೂ ಮೂರ್ ಸಲ!”

“ಹಲ್ಲು ನೋಡೋಕೆ ನೀವೇ ಬರ್ಬೋದಾಗಿತ್ತಲ್ಲ!”

“ಹಲ್ಲು ಒಂದೇ ಅಲ್ಲಣ್ಣ. ಆ ಪಾರ್ಟಿಗೆ ಅವ್ರ್ ಕಡೆ ಕುದುರೆ ಬ್ಯಾಡ್ವಂತೆ. ಸೋಲೂರು ಕಡೇದೇ ಬೇಕು ಅಂತ ಹಟ. ಪಕ್ಕದ್ ಮನೇಲಿ ಒಂದ್ ಬಡಕಲು ಕುದುರೆ ಐತಂತೆ, ಅದ್ರ ಮುಂದೆ ಎದ್ದು ಕಾಣಂಗಿರ್ಬೇಕಂತೆ. ಅದುಕ್ಕೇ ಇಲ್ಲಿಗೆ ತರುಸ್ದೆ. ಈಗ ಇದು ಸೋಲೂರು ಕುದುರೆ, ಸೋಲೂರಿನ ಗಾಡೀಲೇ ಹೊಂಟೈತೆ. ಇದ್ರಲ್ಲಿ ಸುಳ್ಳೇನೈತೆ?”

ಇಸ್ರಾರನ ಫೋನಿಗೆ ವಿಳಾಸ ಬಂತು. ಅವನು ಕಣ್ಣು ಕಿರಿದು ಮಾಡಿ ಗಟ್ಟಿಯಾಗಿ ಓದಿದ.

“ದಾಸಪ್ಪನವರು. ಅಕ್ಕೂರು, ಚನ್ನಪಟ್ಟಣ ತಾಲ್ಲೂಕು. ಗುರುತು...” ಇಸ್ರಾರ್ ತಲೆಯೆತ್ತಿ ಜಯಕುಮಾರನನ್ನು ನೋಡಿ, ಮತ್ತೆ ಫೋನ್ ನೋಡಿದ. “ಗುರುತು: ಕುದುರೆ ಜಯಕುಮಾರನ ಮನೆ ಪಕ್ಕ.”

ಸಿಡಿಲು ಬಡಿದ ತೆಂಗಿನಮರದಂತೆ ಜಯಕುಮಾರ್ ನಿಂತ. ದಾಸಪ್ಪ ಗುರುತು ಹಿಡಿದರೆ ಕುದುರೆ ತಿರುಗಿ ತನ್ನ ಹಿತ್ತಲಿಗೆ. ಹಿಡಿಯದಿದ್ದರೆ ಬೇಲಿಯಾಚೆಗೆ, ಅದೇ ಹಿಪ್ಪುನೇರಳೆ ತೋಟದಿಂದ ಆರಡಿ ದೂರಕ್ಕೆ. ಎರಡರಲ್ಲಿ ಯಾವುದಾದರೂ ಗಾಡಿಯ ಬಾಡಿಗೆ ಮತ್ತೆ ಅವನದೇ.

ಫೋನ್ ಹೊಡೆದುಕೊಂಡಿತು. ರಮ್ಯಾ.

“ರೀ, ಕೇಳುದ್ರಾ? ದಾಸಪ್ಪಣ್ಣ ಕುದುರೆ ತರುಸ್ತಾವ್ರಂತೆ! ಮಾಗಡಿ ಕಡೆಯಿಂದ, ಭಾರಿ ಜಾತಿ ಕುದುರೆಯಂತೆ. ತಕಳೋದಾದ್ರೆ ಅಂತಾದ್ ತಕಬೇಕು, ನೀವೂ ತಂದಿದ್ರಿ. ಅಂಬುಜಮ್ಮಕ್ಕ ಆಗ್ಲೇ ಆರತಿ ತಟ್ಟೆ ಜೋಡುಸ್ಕಂಡು ಕೂತವ್ರೆ. ಊರೋರೆಲ್ಲ ಸೇರವ್ರೆ. ನೀವು ಎಷ್ಟೊತ್ತಿಗೆ ಬತ್ತೀರಿ?”

ಜಯಕುಮಾರ್ ಚಾಂದನಿಯ ಮುಖ ನೋಡಿದ. ಅದರ ತುಟಿಯಂಚಿನಲ್ಲಿ ಸೇವಂತಿಗೆಯ ಒಂದು ಎಸಳು ಅಂಟಿಕೊಂಡಿತ್ತು.

“ಆ ಕುದುರೆ ಬಂದಾಗ್ಲೇ ಬತ್ತೀನಿ,” ಎಂದ.