ಕೇಳದ ಹಾಡಿಗೆ ಕೊಟ್ಟ ತೀರ್ಪು

ಸಂಗೀತದ ವಿಷಯದಲ್ಲಿ ನನಗಿರುವಷ್ಟು ಅನುಭವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಇನ್ನೊಬ್ಬರಿಗೆ ಇಲ್ಲ ಎಂದು ನಾನು ಬಹಳ ವರ್ಷಗಳಿಂದ ನಂಬಿಕೊಂಡಿದ್ದೆ. ನಾನು ಹಾಡುವವನಲ್ಲ. ಹಾಡುವವರಿಗೆ ಮೈಕ್ ಕೊಡುವವನು. ಮದುವೆ, ನಾಮಕರಣ, ಗಣಪತಿ, ಸಾವು, ತಿಥಿ, ಯಾವುದೇ ಇರಲಿ, ನನ್ನ ಮೈಕ್‌ಸೆಟ್ ಅಂಗಡಿಯ ಹಾರ್ನು ಮರ ಏರದೆ ನಮ್ಮ ಕಡೆ ಯಾರ ಬಾಯಿಂದಲೂ ಸ್ವರ ಹೊರಡುವುದಿಲ್ಲ. ಎದುರಿಗೆ ಕೂತವರು ಬರೀ ಹಾಡು ಕೇಳುತ್ತಾರೆ. ಆಂಪ್ಲಿಫೈಯರ್ ಹಿಂದೆ ಕೂತವನಿಗೆ ಕೆಮ್ಮು, ಉಬ್ಬಸ, ತಪ್ಪಿದ ತಾಳ ಎಲ್ಲವೂ ಕೇಳುತ್ತದೆ. ತೀರ್ಪುಗಾರನಿಗೆ ಇನ್ನೇನು ಬೇಕು!

ಹಾಗಾಗಿ ಕೇಬಲ್ ಚಾನೆಲ್ಲಿನ ಮಂಜು ಬಂದು, ಹಾಡಿನ ಸ್ಪರ್ಧೆ ಮಾಡುತ್ತಿದ್ದೇನೆ, ನೀವು ಜಡ್ಜ್ ಆಗಬೇಕು ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ತಡವಾಗಿ ಬಂದನಲ್ಲ ಎಂದು ಬೇಸರವಾಯಿತು, ಅಷ್ಟೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ತಾಲ್ಲೂಕಿಗೂ ಪ್ರಸಾರವಂತೆ. ಹೆಸರು 'ತೆಂಗಿನ ನಾಡಿನ ಕೋಗಿಲೆ'. ಮೈಕ್‌ಸೆಟ್ಟು ನನ್ನದೇ ಆಗಬೇಕು, ಅದೂ ಪುಕ್ಕಟೆ ಎಂಬ ಮಾತನ್ನು ಅವನು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಹೇಳಿದ.

ನನ್ನ ಹೆಂಡತಿ ಸುಧಾ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ನಿಮಗೆ ಹಾಡು ಗೊತ್ತಾ ಎಂದಳು. ಹಾಡು ಗೊತ್ತಿರುವುದು ಬೇರೆ, ತೀರ್ಪು ಕೊಡುವುದು ಬೇರೆ ಎಂದು ನಾನು ಗಂಭೀರವಾಗಿ ತಿಳಿಸಿದೆ. ಅದೇ ಭಯ ಎಂದು ಅವಳು ಒಳಗೆ ಹೋದಳು.

ಸ್ಪರ್ಧೆಗೆ ಹೆಸರು ಕೊಟ್ಟವರಲ್ಲಿ ಬಾಗೂರಿನ ಪುಟ್ಟಸ್ವಾಮಣ್ಣನೂ ಒಬ್ಬ. ಅವನ ವಿಷಯ ಸ್ವಲ್ಪ ಹೇಳಬೇಕು. ನಮ್ಮವರಲ್ಲಿ ಯಾರಾದರೂ ಹೋದರೆ ಹೆಣವನ್ನು ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಮಣ್ಣು ಮಾಡುವ ತನಕ ಎದುರಿಗೆ ಭಜನೆ ಮೇಳದವರು ಕೂತು ಪದ ಹೇಳಬೇಕು. ಭಜನೆಯಿಲ್ಲದೆ ಹೋದವನು ಅನಾಥನಾಗಿ ಹೋದ ಎನ್ನುತ್ತಾರೆ. ಪುಟ್ಟಸ್ವಾಮಣ್ಣ ಅಂಥ ಒಂದು ಮೇಳದ ಯಜಮಾನ. ಅವನ ಗಂಟಲು, ನನ್ನ ಮೈಕು ಸೇರಿ ಈ ಸೀಮೆಯ ಅದೆಷ್ಟೋ ಜನರನ್ನು ಮೇಲಕ್ಕೆ ಕಳಿಸಿಕೊಟ್ಟಿವೆ. ದೊಡ್ಡ ಗುಣವಂತನೇನಲ್ಲ. ಕಾಫಿ ತಡವಾದರೆ ಸೂತಕದ ಮನೆಯವರ ಮೇಲೂ ರೇಗುತ್ತಾನೆ. ಬೇರೆ ಮೇಳದವರ ಕಂಠವನ್ನು ಒಪ್ಪಿದ್ದೇ ಇಲ್ಲ. ಆದರೆ ಅವನು ಪದ ಎತ್ತಿದನೆಂದರೆ ಹೆಣದ ಮುಂದೆಯೇ ಪಾಲಿಗೆ ಕಿತ್ತಾಡುತ್ತಿದ್ದ ದಾಯಾದಿಗಳೂ ಬಾಯಿ ಮುಚ್ಚುತ್ತಿದ್ದರು.

ದಂಡಿಗನಹಳ್ಳಿಯ ನನ್ನ ಮಾವನವರಿಗಂತೂ ಅವನೆಂದರೆ ಪ್ರಾಣ. ಸತ್ತವರು ಗುರುತಿನವರಾಗಿರಲಿ ಬಿಡಲಿ, ಪುಟ್ಟಸ್ವಾಮಿ ಬಂದಿದ್ದಾನೆ ಎಂದು ಕಿವಿಗೆ ಬಿದ್ದರೆ ಹೊರಟುಬಿಡುತ್ತಿದ್ದರು. ನನ್ನ ಕಾಲಕ್ಕೂ ಅವನೇ ಹಾಡಬೇಕು ಎಂದು ಸುಧಾಳಿಂದ ಮಾತು ತೆಗೆದುಕೊಂಡಿದ್ದರು.

ನಿನಗ್ಯಾಕಣ್ಣ ಈ ಟೀವಿ ಗೀವಿ ಎಂದು ನಾನು ಪುಟ್ಟಸ್ವಾಮಣ್ಣನನ್ನು ಕೇಳಿದ್ದೆ. ಅವನು ತಲೆಗೆ ಹೊಸದಾಗಿ ಕಪ್ಪು ಬಣ್ಣ ಹಚ್ಚಿಕೊಂಡಿದ್ದ.

"ಮೂವತ್ತು ವರ್ಸದಿಂದ ಬರೀ ಅಳೋರ್ ಮುಂದೇನೆ ಹಾಡಿವ್ನಿ ಕಣ್ಲಾ ನಾಗ," ಎಂದ. "ಅವ್ರು ಹೆಣ ನೋಡ್ತಾರೋ ನನ್ನ ಪದ ಕೇಳ್ತಾರೋ. ಒಂದ್ಸಲ, ಅಳ್ದೆ ಕೂತಿರೋರು ನಾನ್ ಹಾಡೋದ ಕೇಳ್ಬೇಕು. ಅಷ್ಟೇಯ."

ಚಿತ್ರೀಕರಣದ ದಿನ ನಾನು ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು ಕಲ್ಯಾಣ ಮಂಟಪಕ್ಕೆ ಹೋದೆ. ಅಲ್ಲಿ ಹಾಡುವವರು ಒಬ್ಬರೂ ಇರಲಿಲ್ಲ. ವಿಚಾರಿಸಿದರೆ, ಇರುವುದು ಒಂದೇ ಕ್ಯಾಮೆರಾ, ಹಾಡುವವರನ್ನೂ ಜಡ್ಜನ್ನೂ ಒಟ್ಟಿಗೆ ಹಿಡಿಯಲು ಆಗುವುದಿಲ್ಲ, ಬೆಳಗ್ಗೆ ಜಡ್ಜ್‌ನದ್ದು ಮುಗಿಸಿ ಕಳಿಸಿಬಿಡುತ್ತೇನೆ, ಮಧ್ಯಾಹ್ನ ಹಾಡುವವರದ್ದು, ಆಮೇಲೆ ಎರಡನ್ನೂ ಜೋಡಿಸುತ್ತೇನೆ ಎಂದು ಮಂಜು ವಿವರಿಸಿದ. ಹಾಗಾದರೆ ನಾನು ಹಾಡು ಕೇಳುವುದು ಯಾವಾಗ ಎಂದೆ. ಟೀವಿಯಲ್ಲಿ ಬರುತ್ತದಲ್ಲ, ಮನೆಯಲ್ಲೇ ಕೇಳಿ ಎಂದ. ಹಾಡುವವರಿಗೆ, ಜಡ್ಜ್ ಒಳಗಿನ ಕೋಣೆಯಲ್ಲಿ ಕೂತು ಕೇಳುತ್ತಿದ್ದಾರೆ ಎಂದು ಹೇಳುತ್ತಾನಂತೆ.

ಇಲ್ಲಿ ನಾನು ಎದ್ದು ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಜುಬ್ಬಾ ಇಸ್ತ್ರಿ ಆಗಿತ್ತು.

ಖಾಲಿ ವೇದಿಕೆಯ ಎದುರು ಕೂತು ನಾನು ತಲೆದೂಗಿದೆ. ಕಣ್ಣು ಮುಚ್ಚಿ ಆನಂದಿಸಿದೆ. ಹುಬ್ಬು ಗಂಟಿಕ್ಕಿದೆ. ಕಣ್ಣಿಗೆ ಗ್ಲಿಸರಿನ್ ಬಿಟ್ಟುಕೊಂಡು ಗಳಗಳನೆ ಅತ್ತೆ. ಎದ್ದು ನಿಂತು ಚಪ್ಪಾಳೆ ಹೊಡೆದೆ. ಮೊದಲ ಸಲ ಸರಿಬರಲಿಲ್ಲವೆಂದು ಮಂಜು ಮತ್ತೆ ಮತ್ತೆ ಹೊಡೆಸಿದ. ನನ್ನ ಮುಂದೆ ಒಂದು ಸೊಳ್ಳೆಯೂ ಹಾಡುತ್ತಿರಲಿಲ್ಲ. ಆಮೇಲೆ ಅಭಿಪ್ರಾಯಗಳ ಸರದಿ ಬಂತು. ಚೆನ್ನಾಗಿತ್ತು, ಪರವಾಗಿಲ್ಲ, ಇನ್ನೂ ಅಭ್ಯಾಸ ಬೇಕು, ಇಷ್ಟನ್ನೂ ಹೇಳಿ ಮುಗಿಸಿದೆ. ಮಂಜುಗೆ ಸಮಾಧಾನವಾಗಲಿಲ್ಲ.

"ಸಾ, ಒಂದಾದ್ರೂ ಖಾರವಾಗಿರ್ಬೇಕು. ಜನ ಅದನ್ನೇ ನೋಡೋದು."

ಖಾರ ಬೇಕಂತೆ! ನನ್ನೊಳಗಿನ ಪ್ರತಿಭೆ ಧಿಗ್ಗನೆ ಎದ್ದಿತು. ಕ್ಯಾಮೆರಾದ ಕಣ್ಣಲ್ಲಿ ಕಣ್ಣಿಟ್ಟು, "ನೀವು ಹೀಗೆ ಹಾಡಿದರೆ ಸತ್ತ ಹೆಣವೂ ಎದ್ದು ಓಡಿಹೋಗುತ್ತೆ" ಎಂದೆ. ಮಂಜು ಹೊಟ್ಟೆ ಹಿಡಿದು ನಕ್ಕ. ಇದನ್ನು ಯಾರಿಗೆ ಹಾಕುತ್ತೀಯ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ದಾರಿಯುದ್ದಕ್ಕೂ ನನ್ನ ಮಾತಿಗೆ ನಾನೇ ನಗುತ್ತಾ ಮನೆಗೆ ಬಂದು ಊಟ ಮಾಡಿ ಮಲಗಿದೆ.

ಪ್ರಸಾರದ ಸಂಜೆ ಬೀದಿಯವರೆಲ್ಲ ನಮ್ಮ ಮನೆಯಲ್ಲಿ ಸೇರಿದ್ದರು. ಬಾಗೂರಿನಲ್ಲಿ ಪುಟ್ಟಸ್ವಾಮಣ್ಣ ಹಾಲಿನ ಡೈರಿಯ ಮುಂದೆ ಟೀವಿ ಇಡಿಸಿ ಊರಿಗೆ ಊರನ್ನೇ ಕೂರಿಸಿಕೊಂಡಿದ್ದನಂತೆ. ಮೊದಲು ಚಾನೆಲ್ಲಿಗೆ ಜಾಹೀರಾತು ಕೊಡುವ ಕೊಬ್ಬರಿ ಮಂಡಿಯ ಯಜಮಾನರು ಹಾಡಿದರು. ಅದು ಹಾಡೋ ಹರಾಜೋ ತಿಳಿಯಲಿಲ್ಲ. ಅದಕ್ಕೆ ನಾನು ಗಳಗಳನೆ ಅತ್ತು, ಎದ್ದು ನಿಂತು ಚಪ್ಪಾಳೆ ಹೊಡೆದೆ. ಬೀದಿಯವರು ನನ್ನ ಮುಖ ನೋಡಿದರು. ನಾನು ಕಾಫಿ ಲೋಟ ನೋಡಿದೆ.

ಆಮೇಲೆ ಪುಟ್ಟಸ್ವಾಮಣ್ಣ ಬಂದ. ಹೊಸ ಅಂಗಿ, ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಕೈ ಮುಗಿದು ಪದ ಎತ್ತಿದ. ಎರಡು ಸಾಲು ಹಾಡುವಷ್ಟರಲ್ಲಿ ಮಂಜು ಕತ್ತರಿ ಆಡಿಸಿದ್ದ. ತೆರೆಯ ತುಂಬ ನಾನೇ ನಾನು, ಹುಬ್ಬು ಗಂಟಿಕ್ಕಿಕೊಂಡು. ಹೆಣ ಎದ್ದಿತು, ಓಡಿಯೂ ಹೋಯಿತು. ಹಿಂದಿನಿಂದ ಯಾರೋ ಗಹಗಹಿಸಿ ನಗುವ ಸದ್ದನ್ನೂ ಸೇರಿಸಿದ್ದ. ಸುಧಾ ಎದ್ದು ಹೋಗಿ ಟೀವಿ ಆರಿಸಿದಳು. ಬೀದಿಯವರು ಲೋಟ ಕೆಳಗಿಟ್ಟು ಒಬ್ಬೊಬ್ಬರೇ ಹೋದರು.

ಮಾರನೆಯ ದಿನ ಧೈರ್ಯ ಮಾಡಿ ಪುಟ್ಟಸ್ವಾಮಣ್ಣನಿಗೆ ಫೋನ್ ಮಾಡಿದೆ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಆ ಮಾತು ನಿನಗೆ ಹೇಳಿದ್ದಲ್ಲಣ್ಣ, ನೀನು ಹಾಡುವಾಗ ನಾನು ಅಲ್ಲಿ ಇರಲೇ ಇಲ್ಲ, ನಿನ್ನ ಹಾಡನ್ನು ನಾನು ಕೇಳೇ ಇಲ್ಲ ಎಂದೆ.

"ಕೇಳೇ ಇಲ್ವಾ," ಎಂದ. "ಕೇಳಿ ಬೈದಿದ್ರೆ ತಡ್ಕೋತಿದ್ದೆ ಸಾ."

ಫೋನ್ ಇಟ್ಟ. ಅಂಗಡಿ ಶುರುವಾದಾಗಿನಿಂದ ಅವನು ನನ್ನನ್ನು ನಾಗ ಎಂದೇ ಕರೆದವನು. ಆ 'ಸಾ' ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಅವನು ಹಾಡುವುದನ್ನೇ ಬಿಟ್ಟನಂತೆ ಎಂದು ಆಮೇಲೆ ತಿಳಿಯಿತು. ಯಾರು ಕರೆಯಲು ಹೋದರೂ, ಬ್ಯಾಡ ಕಣ್ರಪ್ಪ, ನಿಮ್ ಹೆಣ ಎದ್ದೋಯ್ತದೆ ಎನ್ನುತ್ತಿದ್ದನಂತೆ. ಅವನು ಯಾರ ಕಂಠವನ್ನೂ ಒಪ್ಪದಿದ್ದರೂ ಸುತ್ತಮುತ್ತಲಿನ ಮೇಳದವರೆಲ್ಲ ಅವನನ್ನು ಒಪ್ಪಿದವರು. ನಾಗರಾಜನ ಮೈಕು ಇರುವ ಕಡೆ ನಾವು ಬರುವುದಿಲ್ಲ ಎಂದು ಅವರೂ ನಿಂತುಬಿಟ್ಟರು.

ಇದು ಹೀಗಿರುವಾಗಲೇ ನನ್ನ ಮಾವನವರು ತೀರಿಕೊಂಡರು.

ಬೆಳಗಿನ ಜಾವ ಪ್ರಾಣ ಹೋಗಿತ್ತು. ನಾವು ದಂಡಿಗನಹಳ್ಳಿ ಮುಟ್ಟುವ ಹೊತ್ತಿಗೆ ಸ್ನಾನ ಮಾಡಿಸಿ, ಪೇಟ ಸುತ್ತಿ, ಹಾರ ಹಾಕಿ ಜಗಲಿಯ ಮೇಲೆ ಕೂರಿಸಿದ್ದರು. ನಿಜವಾದ ತೀರ್ಪುಗಾರರ ಹಾಗೆ ಕೂತಿದ್ದರು. ಎದುರಿಗೆ ಹಾಸಿದ್ದ ಚಾಪೆ ಖಾಲಿ ಇತ್ತು. ನನ್ನ ಭಾಮೈದ ಶಿವಣ್ಣ ಬೆಳಗಿನಿಂದ ಮೂರು ಮೇಳಕ್ಕೆ ಹೇಳಿ ಕಳಿಸಿದ್ದ. ಒಬ್ಬರಿಗೆ ಗಂಟಲು ಕಟ್ಟಿತ್ತು, ಒಬ್ಬರು ಊರಲ್ಲಿರಲಿಲ್ಲ, ಇನ್ನೊಬ್ಬರು ನೇರವಾಗಿ, ನಿಮ್ಮ ಭಾವನನ್ನೇ ಹಾಡಲು ಹೇಳಿ ಎಂದಿದ್ದರು.

ಭಜನೆಯಿಲ್ಲದ ಸಾವಿನ ಮನೆ ಬಹಳ ಕೆಟ್ಟದ್ದು. ಅಳುವವರು ಅತ್ತು ಸುಸ್ತಾದ ಮೇಲೆ ಕಿವಿಗೆ ನೊಣದ ಸದ್ದು ಬಿಟ್ಟು ಇನ್ನೇನೂ ಬೀಳುವುದಿಲ್ಲ. ನೆಂಟರೆಲ್ಲ ನನ್ನನ್ನು ನೋಡುತ್ತಿದ್ದರು. ನಾನು ಏನಾದರೂ ಮಾಡಬೇಕಿತ್ತು. ಮಾಡಿದೆ. ನಾಲ್ಕು ಹಾರ್ನು ಕಟ್ಟಿ, ಮೊಬೈಲಿನಲ್ಲಿ ಯಾವುದೋ ಭಜನೆ ಹುಡುಕಿ, ಆಂಪ್ಲಿಫೈಯರಿಗೆ ವೈರು ಸಿಕ್ಕಿಸಿದೆ. ಒಂದು ಪದ ಸೊಗಸಾಗಿ ಬಂತು. ಜನ ಕಣ್ಣೊರೆಸಿಕೊಂಡರು. ನಾನು ಸ್ವಲ್ಪ ಎದೆಯುಬ್ಬಿಸಿ ನಿಂತೆ. ಅದು ಮುಗಿಯುತ್ತಿದ್ದಂತೆ ಮೊಬೈಲಿನೊಳಗಿನ ಹೆಂಗಸೊಬ್ಬಳು, ಸೀರೆಗಳ ಮೇಲೆ ಭಾರಿ ರಿಯಾಯಿತಿ, ಇಂದೇ ಬನ್ನಿ, ಇಡೀ ಕುಟುಂಬದೊಂದಿಗೆ ಬನ್ನಿ ಎಂದು ನಾಲ್ಕು ಹಾರ್ನಿನಲ್ಲೂ ಕೂಗಿದಳು. ಹೆಣದ ಪಕ್ಕದಲ್ಲಿ!

ನಾನು ವೈರು ಕಿತ್ತೆ. ನನ್ನ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಶಿವಣ್ಣ ಸುಮ್ಮನೆ ಬಂದು ನನ್ನನ್ನು ಆಂಪ್ಲಿಫೈಯರ್ ಹತ್ತಿರದಿಂದ ಎಬ್ಬಿಸಿ, ಹೆಂಗಸರ ಪಕ್ಕ ಚಾಪೆಯ ಮೇಲೆ ಕೂರಿಸಿ, ಇಲ್ಲೇ ಇರಿ ಭಾವ, ಏನೂ ಮುಟ್ಟಬೇಡಿ ಎಂದ.

ಆಗ ಸುಧಾ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು. ಬೆಳಗಿನಿಂದ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಎಲ್ಲರ ಎದುರಿಗೆ ಬಾಗೂರಿಗೆ ಫೋನ್ ಮಾಡಿದಳು. ಆ ಕಡೆಯಿಂದ ಅವನು ಏನೆಂದನೋ, ಹೆಣ ಎದ್ದೋಯ್ತದೆ ಎಂಬ ಆ ಮಾತನ್ನೇ ಹೇಳಿರಬೇಕು. ಅವಳು ಪೂರ್ತಿ ಕೇಳಿಸಿಕೊಂಡಳು.

"ಎದ್ದೋಗ್ಲಿ ಬಾರಣ್ಣ," ಎಂದಳು. "ನಮ್ಮಪ್ಪ ಎದ್ದು ಓಡುದ್ರೆ ನಂಗೇನ್ ಬೇಜಾರಾ? ಎಲ್ಲಿಗೋಡುದ್ರೂ ಹಿಂದೇಲೆ ಹೋಗಿ ಹಿಡ್ಕೊಂಡ್ ಬತ್ತೀನಿ. ನೀನ್ ಬಂದ್ ಹಾಡು."

ಪುಟ್ಟಸ್ವಾಮಣ್ಣ ಮಧ್ಯಾಹ್ನದ ಹೊತ್ತಿಗೆ ಬಂದ. ಮೇಳ ಇಲ್ಲ, ಒಬ್ಬನೇ, ಬೈಕಿನ ಹಿಂದೆ ಹಾರ್ಮೋನಿಯಂ ಕಟ್ಟಿಕೊಂಡು. ತಲೆಗೂದಲಿಗೆ ಬಣ್ಣವಿಲ್ಲ, ಗಡ್ಡ ಬೆಳೆದಿತ್ತು. ಮಾವನವರ ಕಾಲು ಮುಟ್ಟಿ ನಮಸ್ಕರಿಸಿ ಎದುರಿನ ಖಾಲಿ ಚಾಪೆಯ ಮೇಲೆ ಕೂತ. ಶಿವಣ್ಣ ತಂದಿಟ್ಟ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ನನ್ನ ಕಡೆ ನೋಡಿ, "ಶುರು ಮಾಡ್ಬೌದಾ ಸಾ," ಎಂದ.

ಅವನು ಪದ ಎತ್ತಿದ. ಎತ್ತಿದ ತಕ್ಷಣ ಶಾಮಿಯಾನದಡಿ ಇದ್ದವರೆಲ್ಲರ ಕಣ್ಣು ಮೆಲ್ಲಗೆ ಮಾವನವರ ಕಡೆಗೆ ಹೊರಳಿತು. ಟೀವಿ ನೋಡದವರು ಯಾರಿದ್ದಾರೆ? ನಾನೂ ನೋಡಿದೆ. ಸುಳ್ಳು ಹೇಳುವುದಿಲ್ಲ. ಮಾವನವರು ಏಳಲಿಲ್ಲ. ಒಂದು ಗಳಿಗೆ ಕಾದು ಜನ ಕಣ್ಣು ಕೆಳಗೆ ಹಾಕಿದರು. ಸುಧಾ ಮಾತ್ರ ಕಣ್ಣು ಕೀಳಲಿಲ್ಲ. ಅವಳು ನಿಜವಾಗಿಯೂ ಕಾಯುತ್ತಿದ್ದಳು. ಆ ಪದ ಮುಗಿಯುವ ತನಕ ಕಾದಳು. ಇನ್ನು ಏಳುವುದಿಲ್ಲ ಎಂದು ಗೊತ್ತಾದಾಗ ನನ್ನ ಭುಜಕ್ಕೆ ತಲೆ ಕೊಟ್ಟು ಅಳಲು ಶುರು ಮಾಡಿದಳು. ನನಗೆ ಅವಳನ್ನು ಹಿಡಿದುಕೊಳ್ಳಲು ನಾಚಿಕೆಯಾಯಿತು.

ಪುಟ್ಟಸ್ವಾಮಣ್ಣ ನಿಲ್ಲಿಸಲಿಲ್ಲ. ಒಂದರ ಹಿಂದೆ ಒಂದು ಹೇಳುತ್ತಾ ಹೋದ. ಇಷ್ಟು ವರ್ಷ ನಾನು ಅವನ ಬೆನ್ನ ಹಿಂದೆ ಕೂತು ವೈರು ನೋಡಿಕೊಂಡವನು, ಆವತ್ತು ಮೊದಲ ಸಲ ಎದುರಿಗೆ ಕೂತಿದ್ದೆ. ಗಂಟಲು ಅಲ್ಲಲ್ಲಿ ಒಡೆಯುತ್ತಿತ್ತು. ತಾಳವೂ ಒಂದು ಕಡೆ ತಪ್ಪಿತು. ಆದರೂ ಮಣ್ಣಿಗೆ ಹೋಗಲು ಕೂತ ಮುದುಕನಿಗೆ, ಹೆದರಬೇಡ, ನಾನು ಊರ ಗಡಿಯ ತನಕ ಜೊತೆಗೆ ಬರುತ್ತೇನೆ ಎಂದು ಹೇಳುವಂತಿತ್ತು ಆ ಹಾಡು. ನಾನು ಅತ್ತೆ. ಗ್ಲಿಸರಿನ್ ಇಲ್ಲದೆ ಹೇಗೆ ಅಳಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಕೊನೆಯ ಪದ ಮುಗಿಯಿತು. ಹೆಣ ಎತ್ತುವವರು ಹತ್ತಿರ ಬಂದರು. ಆಗ ನನಗೆ ಏನಾಯಿತೋ, ನಾನು ಎದ್ದು ನಿಂತೆ. ನಿಂತವನು ಚಪ್ಪಾಳೆ ಹೊಡೆದೆ.

ಮಾವನ ಹೆಣದ ಮುಂದೆ, ಅಳಿಯ, ಚಪ್ಪಾಳೆ! ಮೈಕ್ ಆರಿಸಿರಲಿಲ್ಲ. ನಾಲ್ಕು ಹಾರ್ನೂ ನನ್ನ ಚಪ್ಪಾಳೆಯನ್ನು ದಂಡಿಗನಹಳ್ಳಿಯ ಮನೆ ಮನೆಗೂ ಮುಟ್ಟಿಸಿದವು. ನನ್ನ ಅತ್ತೆಯ ಅಳು ಅರ್ಧಕ್ಕೆ ನಿಂತಿತು. ಹಿಂದಿನಿಂದ ಯಾರೋ ಹಿರಿಯರು, ಯಾವನ್ಲಾ ಅವ್ನು ಎಂದರು. ಶಿವಣ್ಣ ಮುಷ್ಟಿ ಬಿಗಿದುಕೊಂಡು ಬಂದ. ನನ್ನ ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಪುಟ್ಟಸ್ವಾಮಣ್ಣ ಹಾರ್ಮೋನಿಯಂ ಮುಚ್ಚಿ ತಲೆ ಎತ್ತಿದ. ನನ್ನ ಮುಖವನ್ನು, ಕಣ್ಣೀರನ್ನು ಸ್ವಲ್ಪ ಹೊತ್ತು ನೋಡಿದ.

"ಕೂತ್ಕಳ್ಲಾ ನಾಗ," ಎಂದ, ಮೆತ್ತಗೆ. "ಕೇಳ್ದಲ್ಲ, ಸಾಕು."

ಅವನು ಈಗ ಮತ್ತೆ ಹಾಡಲು ಹೋಗುತ್ತಾನೆ. ನನ್ನದೇ ಮೈಕು ಬೇಕು ಎಂದೂ ಹೇಳುತ್ತಾನಂತೆ. ಆದರೆ ಅಳಿಯ ಹೆಣದ ಮುಂದೆ ಚಪ್ಪಾಳೆ ತಟ್ಟಿದ್ದನ್ನು ಯಾರೋ ಪುಣ್ಯಾತ್ಮರು ಮೊಬೈಲಿನಲ್ಲಿ ಹಿಡಿದಿದ್ದಾರೆ. ಅದು ನಾಲ್ಕು ತಾಲ್ಲೂಕನ್ನೂ ದಾಟಿ ಹೋಗಿದೆ. ಮಂಜುವಿನ ಚಾನೆಲ್ಲಿಗೆ ಯಾವತ್ತೂ ಅಷ್ಟು ಜನ ಸಿಕ್ಕಿರಲಿಲ್ಲ. ಸುಧಾ ನನ್ನ ಜೊತೆ ಮಾತಾಡುತ್ತಾಳೆ. ಅವಳ ತವರಿನವರು ಇನ್ನೂ ಇಲ್ಲ. ಸಾವಿನ ಮನೆಯವರು ಅಂಗಡಿಗೆ ಬರುತ್ತಾರೆ, ಹಾರ್ನು, ಆಂಪ್ಲಿಫೈಯರು, ವೈರು, ಎಲ್ಲ ಕೊಡಿ ಎನ್ನುತ್ತಾರೆ. ಗಾಡಿಗೆ ಏರಿಸಿದ ಮೇಲೆ, ಹೊರಡುವ ಮುಂಚೆ, ಬಹಳ ಮರ್ಯಾದೆಯಿಂದ ಕೈ ಮುಗಿದು ಹೇಳುತ್ತಾರೆ:

"ಸಾ, ತಾವು ಮಾತ್ರ ಬರ್ಬೇಡಿ."