ಗಾದ್ರಪ್ಪನ ವ್ಯಾಗನ್ನು

ಬಸ್ಸಿನಲ್ಲಿ ಯಾರದೋ ಕೋಳಿ ಶಂಕ್ರಮ್ಮನ ಹೊಸ ಸೀರೆಯ ಮೇಲೆ ಗಲೀಜು ಮಾಡಿದ್ದೇ ಎಲ್ಲಕ್ಕೂ ಮೂಲ. ತ್ಯಾವಣಿಗೆಯ ತವರುಮನೆ ಮುಂದೆ ಇಳಿದವಳೇ, ಬಿಟ್ಟುಬರಲು ಜೊತೆಗೆ ಬಂದಿದ್ದ ಗಂಡ ಗಾದ್ರಪ್ಪನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಳು.

"ನೋಡ್ರಿ, ಇನ್ನು ನಾನು ಬಸ್ ಹತ್ತಾಕಿಲ್ಲ. ಸ್ವಂತ ಮೋಟಾರ್ ತಗಂಡು ಬರ್ರಿ, ಚನ್ನಗಿರಿಗೆ ಬರ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ."

ಗಾದ್ರಪ್ಪನದು ಚನ್ನಗಿರಿಯಲ್ಲಿ ಜವಳಿ ಅಂಗಡಿ. ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ಸಂತೆಯಿಂದ ಸಂತೆಗೆ ಬಟ್ಟೆಗಂಟು ಹೊತ್ತು ಅವನಿಗೂ ಸಾಕಾಗಿತ್ತು. ಜೊತೆಗೆ ಹೆಂಡತಿಯಿಲ್ಲದ ಮನೆ, ಹೋಟೆಲಿನ ಸಾರು. ಆ ಸಾರಿಗೆ ಹೆದರಿಯೇ ಅವನು ಹೊನ್ನಾಳಿಗೆ ಹೋಗಿ, ಅಲ್ಲೊಂದು ಹುಣಸೆಮರದ ಕೆಳಗೆ ನಿಂತಿದ್ದ ಸ್ಟೇಷನ್ ವ್ಯಾಗನ್ ಕೊಂಡುಬಿಟ್ಟ. ಯಾವುದೋ ಕಾಫಿತೋಟದ ದೊರೆ ಇಟ್ಟುಕೊಂಡಿದ್ದ ಗಾಡಿ. ಅದು ಎಷ್ಟು ಓಡಿತ್ತೆಂದರೆ, ಮೈಲಿ ತೋರಿಸುವ ಯಂತ್ರವೇ ಎಣಿಸಿ ಎಣಿಸಿ ಬೇಸತ್ತು ಕೆಲಸ ಬಿಟ್ಟಿತ್ತು. ಎರಡು ಎತ್ತು ಕಟ್ಟಿ ಎಳೆಸಿಕೊಂಡು ಚನ್ನಗಿರಿಗೆ ತಂದ.

ತಂದದ್ದೇ ತಡ, ಇಡೀ ಬೀದಿ ಅದರ ಮೇಲೆ ಬಿತ್ತು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲು ಎಂಬುದು ಅಮೃತಕ್ಕಿಂತ ಅಪರೂಪ. ಪಕ್ಕದ ಮನೆಯ ದೊಡ್ಡಣ್ಣ ಅದಕ್ಕೂ ದಾರಿ ಹೇಳಿದ. "ಹಿಂದೊಂದು ಇದ್ದಿಲಿನ ಒಲೆ ಕಟ್ಟಿಸು ಗಾದ್ರಪ್ಪ. ಈಗೆಲ್ಲಾ ಮೋಟಾರು ಇದ್ದಿಲು ಗ್ಯಾಸಿನಾಗೇ ಓಡ್ತಾವೆ. ಗಾಳಿ ಊದೋ ತಿದಿ ಒತ್ತಾಕೆ ನಾನಿದೀನಲ್ಲ!"

ಒಲೆ ಬಂತು. ವ್ಯಾಗನ್ನಿನ ಪಕ್ಕಗಳಿಗಿದ್ದ, ಗೆದ್ದಲು ತಿಂದ ಮರ ಕಿತ್ತು ಹಲಸಿನ ಹಲಗೆ ಹೊಡೆಸಿದ್ದಾಯಿತು. ತೂತುಬಿದ್ದ ಮಾಡಿಗೆ ಎತ್ತಿನಗಾಡಿಯ ಕಮಾನಿನ ಹಾಗೆ ಬಿದಿರುತಟ್ಟಿ ಬಾಗಿಸಿದ್ದಾಯಿತು. ಎದುರುಮನೆಯ ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿ, "ನಮ್ ಶಂಕ್ರಿ ಮ್ಯಾಲೆ ದೂಳು ಬೀಳಬಾರ್ದು ಕಣೋ. ಸುತ್ತ ಪರದೆ ಕಟ್ಟು" ಎಂದು ಅಪ್ಪಣೆ ಮಾಡಿದಳು. ಗಾದ್ರಪ್ಪ ಅಂಗಡಿಯಿಂದ ಕೆಂಪು ಹೂವಿನ ಚೀಟಿಬಟ್ಟೆ ತಂದು ಸುತ್ತಲೂ ಕಟ್ಟಿದ. ಚಾಲಕನ ಬೆನ್ನ ಹಿಂದೆಯೂ ಒಂದು ಇಳಿಬಿಟ್ಟ.

ಎಲ್ಲಾ ಮುಗಿದಾಗ ಆ ವ್ಯಾಗನ್ನು ಮುಂದಿನಿಂದ ದೊರೆಯ ಮೋಟಾರಿನಂತೆ, ನಡುವೆ ಮದುವಣಗಿತ್ತಿಯ ಗಾಡಿಯಂತೆ, ಹಿಂದಿನಿಂದ ಬಚ್ಚಲುಮನೆಯಂತೆ ಕಾಣುತ್ತಿತ್ತು. ಅಂಥದ್ದು ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಗಾದ್ರಪ್ಪ ಹೆಮ್ಮೆಯಿಂದ ಉಬ್ಬಿಹೋದ.

ಹೆಂಡತಿಯನ್ನು ಕರೆತರಲು ಹೊರಟ ಬೆಳಿಗ್ಗೆ ದೊಡ್ಡಣ್ಣ ತಿದಿ ಒತ್ತಿದ, ಸರ್ವಮಂಗಳಮ್ಮ ಮೊರದಲ್ಲಿ ಗಾಳಿ ಹಾಕಿದಳು, ಬೀದಿಯವರೆಲ್ಲ ಕೆಮ್ಮಿದರು. ಕೊನೆಗೆ ದೊಡ್ಡಣ್ಣ ಮುಂದೆ ಹೋಗಿ ಹ್ಯಾಂಡಲ್ ತಿರುವಿದಾಗ ವ್ಯಾಗನ್ನು ಉಬ್ಬಸದ ಮುದುಕನಂತೆ ಗೊರಗೊರ ಎಂದು, ಢಂ ಎಂದು ಸಿಡಿದು, ದೊಡ್ಡಣ್ಣನನ್ನೂ ಹತ್ತಿಸಿಕೊಂಡು ಹೊರಟೇಬಿಟ್ಟಿತು.

ದಾರಿಯಲ್ಲಿ ಒಂದು ಏರಿನಲ್ಲಿ ಹೊಗೆಯ ಬಲ ಕುಗ್ಗಿತು. ಕುರಿ ಕಾಯುವವರು ನೂಕಿಕೊಟ್ಟರು. ಆ ಉಪಕಾರಕ್ಕೆ ಅವರ ಎರಡು ಮರಿಗಳನ್ನು ಪರದೆಯೊಳಗೆ ಕೂರಿಸಿಕೊಂಡು ಮುಂದಿನ ಊರಲ್ಲಿ ಇಳಿಸಬೇಕಾಯಿತು. ಅಂತೂ ಊಟದ ಹೊತ್ತಿಗೆ ತ್ಯಾವಣಿಗೆ ಸೇರಿದರು.

"ರೀ, ಇದು ನಮ್ದೇನ್ರಿ?" ಎಂದು ಶಂಕ್ರಮ್ಮ ಹೊಸ್ತಿಲಲ್ಲೇ ಅರಳಿದಳು.

"ನಮ್ದೇ!"

ಅತ್ತೆ ದ್ಯಾಮಮ್ಮ ಮಾತ್ರ ವ್ಯಾಗನ್ನಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಹಿಂದಿನ ಒಲೆಯನ್ನು ಬೆರಳಿನಿಂದ ಕುಟ್ಟಿ ಕೇಳಿದಳು: "ಅಳಿಯಂದ್ರೆ, ಇದ್ರಾಗೆ ನೀರು ಕಾಸ್ತೀರೋ, ಊರಿಗೆ ಹೋಗ್ತೀರೋ?"

ಊರಿನವರೆಲ್ಲ ನಕ್ಕರು. ಗಾದ್ರಪ್ಪ ಹೋಳಿಗೆಯ ಜೊತೆ ಸಿಟ್ಟನ್ನೂ ನುಂಗಿದ.

ಉಂಡು ಹೊರಟರು. ಶಂಕ್ರಮ್ಮ ಬುತ್ತಿಯ ಬುಟ್ಟಿ ಹಿಡಿದು ಪರದೆಯೊಳಗೆ ಕೂತಳು. ಗಾದ್ರಪ್ಪ ಮುಂದೆ ಚಕ್ರ ಹಿಡಿದು ಕೂತ. ದೊಡ್ಡಣ್ಣ ತಿದಿ ಒತ್ತುತ್ತಲೇ ಇದ್ದ, ಹ್ಯಾಂಡಲ್ ತಿರುವುತ್ತಲೇ ಇದ್ದ, ವ್ಯಾಗನ್ನು ಮಿಸುಕಲೊಲ್ಲದು. ಹೊಗೆ ಎಷ್ಟು ಕವಿಯಿತೆಂದರೆ ಮಾವ ಮಲ್ಲಿಕಾರ್ಜುನಪ್ಪನವರ ಮನೆಯೇ ಕಾಣದಾಯಿತು. ಆಗ ಇದ್ದಕ್ಕಿದ್ದಂತೆ ಎಂಜಿನ್ನು ಅಬ್ಬರಿಸಿತು.

"ಹತ್ಕಂತು! ಬಿಡು, ಬಿಡು! ನಿಲ್ಲಿಸಿದ್ರೆ ಮತ್ತೆ ಹತ್ತಾಕಿಲ್ಲ!" ಎನ್ನುತ್ತ ದೊಡ್ಡಣ್ಣ ಮುಂದಿನ ಸೀಟಿಗೆ ಹಾರಿದ.

ವ್ಯಾಗನ್ನು ಹಗ್ಗ ಕಿತ್ತ ಹೋರಿಯಂತೆ ನುಗ್ಗಿತು. ಹಿಂದೆ ಊರಿಗೆ ಊರೇ ಕೈ ಬೀಸುತ್ತ, ಕೂಗುತ್ತ ಓಡಿಬಂತು. ಮಾವನವರಂತೂ ಹೆಗಲ ಮೇಲಿನ ವಲ್ಲಿ ತಿರುಗಿಸುತ್ತ ಕೆರೆಯ ಏರಿಯವರೆಗೂ ಓಡಿದರು. ಗಾದ್ರಪ್ಪನ ಕಣ್ಣು ತುಂಬಿಬಂತು.

"ನೋಡು ದೊಡ್ಡಣ್ಣ, ಅಳಿಯ ಅಂದ್ರೆ ಏನು ಪ್ರೀತಿ!"

ತಿದಿ ಒತ್ತಿ ಸುಸ್ತಾಗಿದ್ದ ದೊಡ್ಡಣ್ಣ ಅಷ್ಟರಲ್ಲೇ ಗೊರಕೆ ಹೊಡೆಯುತ್ತಿದ್ದ. ಹಿಂದೆ ಹಲಗೆ ದಬದಬ ಬಡಿದುಕೊಳ್ಳುತ್ತಿತ್ತು. "ಹೆದರಬ್ಯಾಡ, ಹಲಸಿನ ಹಲಗೆ ಅದು, ಗಟ್ಟಿ ಐತೆ!" ಎಂದು ಗಾದ್ರಪ್ಪ ಕೂಗಿ ಧೈರ್ಯ ಹೇಳಿದ.

ಸಮನಾದ ರಸ್ತೆ ಸಿಕ್ಕ ಮೇಲೆ ಸದ್ದು ಅಡಗಿತು. ಪರದೆಯಾಚೆ ಬಳೆ ಕಿಣಿಕಿಣಿ ಎಂದವು. ಗಾದ್ರಪ್ಪನ ಮನಸ್ಸು ಹೂವಾಯಿತು. ಎಷ್ಟೋ ದಿನದ ಮಾತೆಲ್ಲ ಒಟ್ಟಿಗೆ ಬಾಯಿಗೆ ಬಂತು.

"ನೀನಿಲ್ದೆ ಮನೆ ಬಣಬಣ ಅಂತಿತ್ತು ಕಣೆ. ಕೇಳಿಸ್ತಾ?"

"ಹೂಂ."

"ನಿಮ್ಮವ್ವ ಏನಂದ್ರು ನೋಡ್ದ್ಯಾ? ನೀರು ಕಾಸ್ತೀರಾ ಅಂತೆ! ಆಯಮ್ಮ ನಮ್ಮನೆಗೆ ಬಂದ್ರೆ ಮನೆ ಹೋಗಿ ಕಚೇರಿ ಆಗತ್ತೆ. ಅವರು ಅಮಲ್ದಾರ್ರು, ನಾನು ಜವಾನ. ಅವರ ಗೊರಕೆ ಮುಂದೆ ಈ ಎಂಜಿನ್ನು ಜೋಗುಳ ಹಾಡ್ದಂಗೆ. ಒಂದ್ ವರ್ಷ ಅವರನ್ನ ಕರೆಸಬ್ಯಾಡ ಕಣೆ, ನಿನ್ ಕಾಲಿಗೆ ಬೀಳ್ತೀನಿ."

"ಹೂಂ."

ಇಷ್ಟು ಸುಲಭವಾಗಿ ಹೆಂಡತಿ ಒಪ್ಪಿದ್ದು ಮದುವೆಯಾದಂದಿನಿಂದ ಇದೇ ಮೊದಲು. ಗಾದ್ರಪ್ಪ ಚನ್ನಗಿರಿಯವರೆಗೂ ಹಾರನ್ನು ಒತ್ತಿಕೊಂಡೇ ಬಂದ.

ದೀಪ ಹಚ್ಚುವ ಹೊತ್ತಿಗೆ ಮನೆ ಮುಂದೆ ಸರ್ವಮಂಗಳಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. "ಇಳಿಯವ್ವಾ ಶಂಕ್ರಿ" ಎಂದು ಪರದೆ ಸರಿಸಿದವಳು ಹೌಹಾರಿ ಹಿಂದೆ ಸರಿದಳು. ಮೈಯೆಲ್ಲ ಮಸಿ ಮೆತ್ತಿದ, ಬುಟ್ಟಿಯನ್ನು ತಬ್ಬಿಕೊಂಡ ಅತ್ತೆ ದ್ಯಾಮಮ್ಮ ಗಂಭೀರವಾಗಿ ಕೆಳಗಿಳಿದಳು.

ಗಾದ್ರಪ್ಪ ಹಾರಿಳಿದು ಬಂದು, ಶಂಕ್ರಿ ಎಲ್ಲಿ ಎಂದು ಪರದೆಯೊಳಗೆಲ್ಲ ಹುಡುಕಿದ.

"ಮಗ್ಳು ಮಕ ತೊಳ್ಕಂಡು ಬರ್ತೀನಿ ಅಂತ ಇಳಿದ್ಲು. ಬುಟ್ಟಿ ಉರುಳದಂಗೆ ಇಡಾನ ಅಂತ ನಾನು ಹತ್ತಿದೆ. ನೀವು ಬಿಟ್ರಿ. ಕೂಗಿದೆ, ಹಲಗೆ ಬಡಿದೆ. ಆಮ್ಯಾಲೆ ನನ್ ಸುದ್ದೀನೇ ಬಂತು, ಪೂರ್ತಿ ಕೇಳಾನ ಅಂತ ಸುಮ್ನೆ ಹೂಂಗುಟ್ಟಿದೆ" ಎಂದಳು ದ್ಯಾಮಮ್ಮ. ಅಳಿಯನನ್ನು ಅಡಿಯಿಂದ ಮುಡಿಯವರೆಗೆ ದಿಟ್ಟಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಆದ್ರೂ ಅಳಿಯಂದ್ರೆ, ಮೋಟಾರು ಬಾಳ ಚೆಂದೈತೆ ಬಿಡ್ರಿ! ನ್ಯಾಮತಿ ತಂಗಿ ಮನೆ, ಜಗಳೂರು ಬೀಗರ ಮನೆ, ಎಲ್ಲಾ ಇದ್ರಾಗೇ ನೋಡ್ಕಂಡು ಬರಾನ. ದಿನಕ್ಕೊಂದು ಊರು."

"ನಾಳೆ ಬೆಳಿಗ್ಗೇನೇ ಬಿಟ್ಟುಬರ್ತೀನಿ ಅತ್ತೇರೆ" ಎಂದು ಗಾದ್ರಪ್ಪ ಗೋಗರೆದ. "ಶಂಕ್ರಿ ಕಾಯ್ತಿರ್ತಾಳೆ."

ಮಾರನೆಯ ಬೆಳಿಗ್ಗೆ ಅವನು ಇದ್ದಿಲು ತುಂಬುತ್ತಿರುವಾಗಲೇ ಬಸ್ಸಿನ ಕಂಡಕ್ಟರು ಮನೆ ಮುಂದೆ ಇಳಿದು ತ್ಯಾವಣಿಗೆಯ ಸುದ್ದಿ ಹೇಳಿದ.

"ನಿಮ್ಮನೆಯೋರು ಹೇಳಿ ಕಳ್ಸೀದಾರ್ರೀ. ಅವ್ವ ಎಷ್ಟು ವರ್ಷದ ಮ್ಯಾಲೆ ಮನೆ ಬಿಟ್ಟು ಹೊರಟಾರೆ, ಮನಸಾರೆ ಊರೂರು ತಿರುಗಿಸ್ರಿ, ಅವಸರ ಮಾಡಬ್ಯಾಡ್ರಿ ಅಂದ್ರು. ಅವರು ಬರಾತಂಕ ಅಪ್ಪಂಗೆ ಅಡುಗೆ ಮಾಡಾಕೆ ತಾವು ಅಲ್ಲೇ ಇರ್ತಾರಂತೆ."

ಒಳಗಿನಿಂದ ದ್ಯಾಮಮ್ಮ ಅಳಿಯನ ಅಂಗಡಿಯದೇ ಒಂದು ಹೊಸ ಸೀರೆ ಉಟ್ಟು ಬಂದು, ಪರದೆ ಸರಿಸಿ, ಚಾಲಕನ ಪಕ್ಕದ ಸೀಟಿನಲ್ಲೇ ಕೂತಳು.

"ತಿದಿ ಒತ್ರಿ ಅಳಿಯಂದ್ರೆ. ಮೊದ್ಲು ನ್ಯಾಮತಿ."